ಹರಿಹರ ದಾಟಿದ ಮೇಲೆ...

ಬೆಂಗಳೂರಿನಿಂದ ರಾತ್ರಿ ರೈಲಿಗೆ ಊರಿಗೆ ಹೋಗುವ ನಮ್ಮ ಕಡೆಯವರಿಗೆಲ್ಲ ಒಂದು ಅಭ್ಯಾಸ ಇದೆ. ಹರಿಹರದಲ್ಲಿ ತುಂಗಭದ್ರೆಯ ಸೇತುವೆ ಮೇಲೆ ಗಾಲಿಗಳ ಸದ್ದು ಬದಲಾದ ಕೂಡಲೇ ಎಷ್ಟೇ ಗಾಢ ನಿದ್ದೆ ಇದ್ದರೂ ಎಚ್ಚರ ಆಗಿಬಿಡುತ್ತೆ. ಇನ್ನೇನು ರಾಣೇಬೆನ್ನೂರು, ಆಮೇಲೆ ನಮ್ಮ ಬ್ಯಾಡಗಿ, ಅದರಾಚೆ ಹಾವೇರಿ. ಚಪ್ಪಲಿ ಹುಡುಕುವುದು, ಮೇಲಿನ ಬರ್ತಿನಿಂದ ಬ್ಯಾಗು ಇಳಿಸುವುದು, ಮನೆಗೆ ಫೋನ್ ಮಾಡಿ "ಹರಿಹರ ದಾಟ್ತು" ಅನ್ನುವುದು. ಹೊಳೆ ದಾಟಲಿಕ್ಕೆ ರೈಲಿಗೆ ಬೇಕಾಗುವುದು ಒಂದೆರಡು ನಿಮಿಷ ಅಷ್ಟೇ.

ಇದೇ ಹೊಳೆಯನ್ನು ಇದೇ ಹರಿಹರದ ಹತ್ತಿರ 1800ರ ಜೂನ್ ತಿಂಗಳಲ್ಲಿ ಒಬ್ಬ ಕರ್ನಲ್ ತನ್ನ ಸೈನ್ಯ, ತೋಪು, ಕುದುರೆ, ಎತ್ತು ಎಲ್ಲ ಕಟ್ಟಿಕೊಂಡು ದಾಟಿದ್ದ. ಜೂನ್ 24ರ ಹೊತ್ತಿಗೆ ಈಚೆ ದಡಕ್ಕೆ ಬಂದವನು 27ನೇ ತಾರೀಖು ರಾಣೇಬೆನ್ನೂರಿನ ಕೋಟೆ ಮುಂದೆ ನಿಂತಿದ್ದ. ಅವತ್ತೇ ಕೋಟೆ ಬಿತ್ತು. ಆ ಕರ್ನಲ್ ಹೆಸರು ಆರ್ಥರ್ ವೆಲ್ಲೆಸ್ಲಿ. ಹದಿನೈದು ವರ್ಷ ಆದಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ! ಆಗ ಅವನಿಗೆ 31 ವರ್ಷ. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವನು ಅಷ್ಟೇ. (ನಾನಿನ್ನೂ ಟೀಮ್ ಲೀಡ್ ಕೂಡ ಆಗಿಲ್ಲ, ಆ ಮಾತು ಬೇರೆ :-) )

ಹತ್ತನೇ ಕ್ಲಾಸಿನ ತನಕ ನಾನು ಓದಿದ್ದು ಬ್ಯಾಡಗಿಯಲ್ಲೇ. ಶಾಲೆಯಲ್ಲಿ ಕಿತ್ತೂರು ಬಂತು, ನರಗುಂದ ಬಂತು, ಫ್ರಾನ್ಸಿನ ಕ್ರಾಂತಿ ಬಂತು, ವಾಟರ್ಲೂ ಕೂಡ ಬಂತು. ಆದರೆ ವಾಟರ್ಲೂ ಗೆದ್ದವನು ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ ದೂರದ ಊರಿನಲ್ಲಿ ಏಣಿ ಹಾಕಿಸಿದ್ದ ಅಂತ ಯಾರೂ ಹೇಳಲಿಲ್ಲ. ರಾಣೇಬೆನ್ನೂರು ಅಂದರೆ ನಮಗೆ ಕೃಷ್ಣಮೃಗ, ಬೀಜದ ಅಂಗಡಿಗಳು, ರೈಲು ಹತ್ತಲಿಕ್ಕೆ ಬರುವ ಸಂತೆ ಮಂದಿ.

ನನಗೆ ಇದು ಸಿಕ್ಕಿದ್ದು ತೀರಾ ಆಕಸ್ಮಿಕವಾಗಿ. ವೆಲ್ಲೆಸ್ಲಿ ಬರೆದ ಪತ್ರಗಳ ಸಂಪುಟಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಯಾವುದೋ ಬೇಜಾರಿನ ವಾರಾಂತ್ಯ ಅದನ್ನು ತೆರೆದು ಕೂತಿದ್ದೆ. ಊರುಗಳ ಹೆಸರು ಓದುವುದೇ ಒಂದು ಮಜಾ. 'ಹರ್ರಿಹರ್' ಅಂದರೆ ಹರಿಹರ, ಅದು ಸುಲಭ. 'ದುಮ್ಮುಲ್' ಅಂದರೆ ಡಂಬಳ ಅಂತ ತಿಳಿಯಲಿಕ್ಕೆ ಹತ್ತು ನಿಮಿಷ ಬೇಕಾಯ್ತು. 'ರಾನೀ ಬೆಡ್ನೋರ್' ಅಂತ ಒಂದು ಕಡೆ ಬಂತು. ನಾನು ಮೊದಲು ಇದು ಶಿವಮೊಗ್ಗ ಕಡೆಯ ಬಿದನೂರು, ಕೆಳದಿ ರಾಣಿಯರ ಊರು ಅಂದುಕೊಂಡೆ. ಆಮೇಲೆ ಹಿಂದಿನ ಪತ್ರ ಹರಿಹರದ್ದು, ಮುಂದಿನದು ಹಾವೇರಿ ಕಡೆಯದು ಅಂತ ನೋಡಿದಾಗ ತಲೆಯಲ್ಲಿ ದೀಪ ಹತ್ತಿತು. ಅಯ್ಯೋ, ಇದು ನಮ್ಮ ರಾಣೇಬೆನ್ನೂರು!

ಸರಿ, ಅವನು ಇಲ್ಲಿಗೆ ಯಾಕೆ ಬಂದ?

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅವತ್ತು ಅಲ್ಲಿನ ಸೆರೆಯಿಂದ ಹೊರಗೆ ಬಂದವರಲ್ಲಿ ಧೋಂಡಿಯಾ ವಾಘ್ ಒಬ್ಬ. ಚನ್ನಗಿರಿಯಲ್ಲಿ ಹುಟ್ಟಿದ ಮರಾಠ. ಹೈದರನ ಕುದುರೆ ಪಡೆಯಲ್ಲಿದ್ದವನು, ಆಮೇಲೆ ಸ್ವತಂತ್ರವಾಗಿ ಕೊಳ್ಳೆ ಹೊಡೆದವನು, ಟಿಪ್ಪು ಕೈಗೆ ಸಿಕ್ಕು ಮುಸಲ್ಮಾನನಾಗಿ ಸೆರೆಮನೆ ಸೇರಿದವನು. ಈ ಕಡೆ ಟಿಪ್ಪುವಿನ ಸೈನ್ಯದಲ್ಲಿದ್ದ ಸಾವಿರಾರು ಜನಕ್ಕೆ ಒಂದೇ ದಿನದಲ್ಲಿ ಕೆಲಸ ಹೋಗಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಡೀ ಕಂಪನಿಗೆ ಪಿಂಕ್ ಸ್ಲಿಪ್. ಕತ್ತಿ, ಕುದುರೆ ಬಿಟ್ಟು ಬೇರೆ ಕಸುಬು ಗೊತ್ತಿಲ್ಲದ ಅಂಥವರು ಧೋಂಡಿಯಾನ ಹಿಂದೆ ಹೋದರು. 1799ರ ಆಗಸ್ಟಿನಲ್ಲಿ ಇಂಗ್ಲಿಷರು ಅವನನ್ನು ಶಿಕಾರಿಪುರದ ಆಚೆ ಓಡಿಸಿದರು. ಗಡಿಯಾಚೆ ಪೇಶ್ವೆ ಕಡೆಯ ಸರದಾರ ಧೋಂಡೋಪಂತ ಗೋಖಲೆ ಅವನ ದಂಡನ್ನು ಚದುರಿಸಿದ. ಗೋಖಲೆಯ ರಕ್ತದಲ್ಲಿ ಮೀಸೆ ಬಣ್ಣ ಮಾಡಿಕೊಳ್ಳುತ್ತೇನೆ ಅಂತ ಧೋಂಡಿಯಾ ಶಪಥ ಮಾಡಿದ್ದ ಎಂಬ ಕಥೆ ಮರಾಠರ ಇತಿಹಾಸದಲ್ಲಿ ಬರುತ್ತೆ. 1800ರ ಹೊತ್ತಿಗೆ ಮತ್ತೆ ಹತ್ತಾರು ಸಾವಿರ ಜನರ ಜೊತೆ ನಮ್ಮ ಸೀಮೆಗೆ ಬಂದಿದ್ದ. ತನಗೆ ತಾನೇ ಇಟ್ಟುಕೊಂಡ ಬಿರುದು 'ಉಭಯ ಲೋಕಗಳ ದೊರೆ'. ಒಂದು ಲೋಕ ಸಾಲದು ಇವನಿಗೆ!

ಇವನು ಸ್ವಾತಂತ್ರ್ಯ ವೀರನೋ ದರೋಡೆಕೋರನೋ ಅಂತ ಒಂದು ಜಗಳ ಇದೆ. ಇಂಗ್ಲಿಷರ ಕಾಗದದಲ್ಲಿ ದರೋಡೆಕೋರ. ಈಚಿನ ನಮ್ಮ ಕೆಲವು ಬರಹಗಳಲ್ಲಿ ಕಂಪನಿ ವಿರುದ್ಧ ಮೊದಲು ಎದ್ದವರಲ್ಲಿ ಒಬ್ಬ. ನನಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತೆ. ಕಂಪನಿಗೆ ಅವನ ಹೆದರಿಕೆ ಇದ್ದದ್ದು ಹೌದು. ಸಿಕ್ಕ ಕೂಡಲೇ ಮೊದಲ ಮರಕ್ಕೆ ನೇಣು ಹಾಕಿ ಅಂತಲೇ ಗವರ್ನರ್ ಜನರಲ್ ಕಡೆಯಿಂದ ಆಜ್ಞೆ ಇತ್ತು (ಆ ಗವರ್ನರ್ ಜನರಲ್ ಬೇರೆ ಯಾರೂ ಅಲ್ಲ, ಆರ್ಥರನ ಸ್ವಂತ ಅಣ್ಣ ರಿಚರ್ಡ್ ವೆಲ್ಲೆಸ್ಲಿ). ಆದರೆ ಅಷ್ಟೊಂದು ಕುದುರೆಗಳ ಹೊಟ್ಟೆ ತುಂಬಿದ್ದು ಯಾರ ಹೊಲದಿಂದ ಅಂತ ಕೇಳಿದರೆ ಉತ್ತರ ನಮ್ಮ ಹಳ್ಳಿಗಳ ಕಡೆಗೇ ಬೆರಳು ತೋರಿಸುತ್ತೆ.

ಇಲ್ಲಿ ಇನ್ನೊಂದು ಗಮ್ಮತ್ತು ಇದೆ. ತುಂಗಭದ್ರೆಯ ಈಚೆ ದಡ ಕಂಪನಿಯದ್ದೂ ಅಲ್ಲ, ಮೈಸೂರಿನದ್ದೂ ಅಲ್ಲ, ಪೇಶ್ವೆಯದು. ಪೇಶ್ವೆ ಎರಡನೇ ಬಾಜಿರಾಯ ಒಪ್ಪಿಗೆ ಕೊಟ್ಟ ಮೇಲೆ ವೆಲ್ಲೆಸ್ಲಿ ಹೊಳೆ ದಾಟಿದ್ದು. ಅದೇ ಹೊತ್ತಿಗೆ ಅವನಿಗೆ ಜಾವಾ ದ್ವೀಪದ ಬಟಾವಿಯಾ ಮೇಲೆ ಹೋಗುವ ದಂಡಿನ ಮುಖ್ಯಸ್ಥನಾಗುವ ಅವಕಾಶ ಕೂಡ ಬಂದಿತ್ತು. ಡಚ್ಚರ ಊರು, ಲೂಟಿಯ ಪಾಲು ದೊಡ್ಡದು. ಅದನ್ನು ಬಿಟ್ಟು ಧೋಂಡಿಯಾನ ಹಿಂದೆ ಬಿದ್ದ. ಆನ್‌ಸೈಟ್ ಬಿಟ್ಟು ಊರಲ್ಲೇ ಉಳಿದ ಹಾಗೆ.

ದಾರಿಯಲ್ಲಿ ತುಂಗಭದ್ರೆಯ ದಡದ ಐರಣಿ ಕೋಟೆಯೂ ಅದೇ ಜೂನ್‌ನಲ್ಲಿ ಅವನ ಕೈಗೆ ಬಂತು. ಮುಂದೆ ರಾಣೇಬೆನ್ನೂರು. ಸೈನ್ಯದ ಮುಂಚೂಣಿಯ ತುಕಡಿ ಕೋಟೆ ಹತ್ತಿರ ಬಂದಾಗ ಒಳಗಿನಿಂದ ಗುಂಡು ಹಾರಿತು. ವೆಲ್ಲೆಸ್ಲಿ ಮಾತುಕತೆಗೆ ಕೂರಲಿಲ್ಲ, ಬಿಡಾರ ಹಾಕಲಿಲ್ಲ, ದೊಡ್ಡ ತೋಪು ಬರಲಿ ಅಂತ ಕಾಯಲಿಲ್ಲ. ಗೋಡೆಗೆ ಏಣಿ ಹಚ್ಚಿ ಹತ್ತಿಸಿಬಿಟ್ಟ. ಮುಗೀತು. ಪತ್ರದಲ್ಲಿ ಇದಕ್ಕೆ ಸಿಗುವ ಜಾಗ ಕೆಲವೇ ಸಾಲು.

ಇದು ಎಷ್ಟು ವಿಚಿತ್ರ ಅಂತ ಗೊತ್ತಾಗಬೇಕಾದರೆ ಹತ್ತೇ ವರ್ಷ ಹಿಂದಿನ ಧಾರವಾಡದ ಮುತ್ತಿಗೆ ನೋಡಬೇಕು. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂ ಪಟವರ್ಧನ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ. ಜೊತೆಗೆ ಮುಂಬೈಯಿಂದ ಬಂದ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ. ಒಳಗೆ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಕೋಟೆ ಕೈಗೆ ಬಂದದ್ದು 1791ರ ಏಪ್ರಿಲ್ ಹೊತ್ತಿಗೆ, ಅಂದರೆ ಆರು ತಿಂಗಳಿಗೂ ಮೇಲೆ! ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ 1794ರಲ್ಲಿ ಒಂದು ಪುಸ್ತಕ ಬರೆದ. ಮರಾಠರ ತೋಪಿನವರು ಕೆಲಸ ಮಾಡುವ ವೈಖರಿ ಬಗ್ಗೆ ಅದರಲ್ಲಿ ಬರುವ ವಿವರ ಓದಿ ನಾನು ಒಬ್ಬನೇ ಕೂತು ನಕ್ಕಿದ್ದೇನೆ. ಒಮ್ಮೆ ತೋಪು ತುಂಬುವುದು, ಆಮೇಲೆ ಎಲ್ಲರೂ ಅರ್ಧ ಗಂಟೆ ಕೂತು ಹರಟೆ ಹೊಡೆಯುತ್ತಾ ತಂಬಾಕು ಸೇದುವುದು, ಆಮೇಲೆ ಹಾರಿಸುವುದು. ಗೋಡೆಯಿಂದ ಧೂಳು ಚೆನ್ನಾಗಿ ಎದ್ದರೆ ಸಾಕು, ಸಮಾಧಾನ. ಮತ್ತೆ ಹರಟೆ. ಮಧ್ಯಾಹ್ನ ಒಂದರಿಂದ ಮೂರು ಊಟದ ಹೊತ್ತು. ಆಗ ಒಳಗಿನವರೂ ಹೊಡೆಯುವುದಿಲ್ಲ, ಹೊರಗಿನವರೂ ಹೊಡೆಯುವುದಿಲ್ಲ. ಸರಕಾರಿ ಕಚೇರಿ ನೆನಪಾಯಿತೇ?

ನಗು ಬಂದರೂ ಅದರಲ್ಲಿ ಒಂದು ಲೆಕ್ಕ ಇತ್ತು ಅಂತ ಈಗ ಅನ್ನಿಸುತ್ತೆ. ಆ ಕಾಲದ ಮುತ್ತಿಗೆ ಅಂದರೆ ಮುಕ್ಕಾಲು ಪಾಲು ಚೌಕಾಸಿ. ಹೊರಗಿನವನಿಗೆ ಕೋಟೆ ಬೇಕು, ಸಾಯುವುದು ಬೇಡ. ಒಳಗಿನವನಿಗೆ ಮರ್ಯಾದೆಯಿಂದ ಹೊರಗೆ ಹೋಗುವ ದಾರಿ ಬೇಕು. ಕಾಳು, ನೀರು, ಮದ್ದು ಮುಗಿಯುತ್ತಾ ಬಂದ ಹಾಗೆ ಇಬ್ಬರೂ ಒಂದು ಬೆಲೆಗೆ ಬರುತ್ತಾರೆ. ನಮ್ಮ ಊರೂರಿನ ಮಣ್ಣಿನ ಕೋಟೆಗಳನ್ನು ಕಟ್ಟಿದ್ದು ಇಂಥ ಲೆಕ್ಕಕ್ಕೆ. ಕುದುರೆ ದಂಡು ಬಂದರೆ ದನಕರು, ಕಾಳು ಒಳಗೆ ಹಾಕಿ ಬಾಗಿಲು ಮುಚ್ಚಿದರೆ ಒಂದೆರಡು ವಾರದಲ್ಲಿ ಬಂದವರು ಮೇವು ಮುಗಿದು ಮುಂದಿನ ಊರಿಗೆ ಹೋಗುತ್ತಿದ್ದರು. ವೆಲ್ಲೆಸ್ಲಿ ಮಾಡಿದ್ದು ಆ ಲೆಕ್ಕವನ್ನೇ ಹರಿದು ಹಾಕುವ ಕೆಲಸ. ಬಂದ ದಿನವೇ ಏಣಿ. ಚೌಕಾಸಿಗೆ ಸಮಯವೇ ಇಲ್ಲ. ಜುಲೈ 14ಕ್ಕೆ ಕುಂದಗೋಳದಲ್ಲಿ ಹೀಗೆಯೇ ಮಾಡಿದ, ಜುಲೈ 26ಕ್ಕೆ ಡಂಬಳದ ಕಲ್ಲಿನ ಕೋಟೆಯನ್ನೂ ಹೀಗೆಯೇ ಹಿಡಿದ. 1803ರಲ್ಲಿ ಅಹಮದನಗರದ ಪೇಟೆಯನ್ನು ಹೀಗೆ ಗೋಡೆ ಹತ್ತಿ ಹಿಡಿದಾಗ, ಈ ಇಂಗ್ಲಿಷರು ಬೆಳಿಗ್ಗೆ ಬಂದು, ಗೋಡೆ ನೋಡಿ, ಅದರ ಮೇಲೆ ನಡೆದು ಹೋಗಿ, ಎಲ್ಲರನ್ನೂ ಕೊಂದು ನಾಷ್ಟಾಕ್ಕೆ ವಾಪಸ್ ಹೋದರು ಅಂತ ಒಬ್ಬ ಮರಾಠಾ ಸರದಾರ ಬೆರಗಾಗಿ ಬರೆದನಂತೆ. ಆ ಆಟದ ತಾಲೀಮು ನಡೆದದ್ದು ನಮ್ಮ ರಾಣೇಬೆನ್ನೂರು, ಕುಂದಗೋಳಗಳಲ್ಲಿ.

ಬೇರೆ ದೇಶದಲ್ಲೂ ಈ ಎರಡು ದಾರಿ ಕಾಣುತ್ತವೆ. ತುರ್ಕರ ಕಾರ್ಸ್ ಕೋಟೆಯ ಮೇಲೆ ರಷ್ಯನ್ನರು 1855ರ ಸೆಪ್ಟೆಂಬರಿನಲ್ಲಿ ನೇರ ನುಗ್ಗಿ ಸಾವಿರಾರು ಜನರನ್ನು ಕಳೆದುಕೊಂಡು ಹಿಂದೆ ಬಂದರು. ಆಮೇಲೆ ಸುಮ್ಮನೆ ಸುತ್ತುಗಟ್ಟಿ ಕೂತರು, ನವೆಂಬರಿನಲ್ಲಿ ಹಸಿವು ತಾಳಲಾರದೆ ಒಳಗಿನವರು ಶರಣಾದರು. ಅದೇ ಕೋಟೆಯನ್ನು ಅದೇ ರಷ್ಯನ್ನರು 1877ರ ನವೆಂಬರಿನಲ್ಲಿ ಒಂದೇ ರಾತ್ರಿಯ ದಾಳಿಯಲ್ಲಿ ಹಿಡಿದರು. ಕೋಟೆ ಎಷ್ಟು ಗಟ್ಟಿ ಅನ್ನುವುದು ಗೋಡೆಯ ಮೇಲಷ್ಟೇ ನಿಂತಿಲ್ಲ ಅನ್ನಿ.

ಇಷ್ಟೆಲ್ಲ ಓದಿಕೊಂಡು ಹೋದ ಸಲ ಊರಿಗೆ ಹೋದಾಗ ನಮ್ಮ ಕಾಕಾನ ಮುಂದೆ ಜೋರಾಗಿ ಹೇಳಿದೆ. ಕಾಕಾಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಚೀಲದ ಮೇಲೆ ಕೂತು, ಮೂಗಿಗೆ ಟವೆಲ್ ಹಿಡಿದು ಎಲ್ಲ ಕೇಳಿದರು. ಏಣಿ ಹತ್ತಿದ ಭಾಗಕ್ಕೆ ನಾನು ನಿರೀಕ್ಷಿಸಿದ ಉದ್ಗಾರ ಬರಲೇ ಇಲ್ಲ.

"ಕ್ವಾಟಿ ಗ್ವಾಡಿ ಬಿಡಪಾ ತಮ್ಮಾ. ಅಷ್ಟು ಮಂದಿಗೆ ಅಕ್ಕಿ ಎಲ್ಲಿಂದ ತಂದಾ? ಮಳಿಗಾಲದಾಗ ಎತ್ತಿಗೆ ಮೇವು ಯಾರು ಕೊಟ್ರು? ಅದನ್ನ ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಂಗಳೂರಿಗೆ ಬಂದು ಮತ್ತೆ ಪತ್ರಗಳನ್ನು ತೆರೆದು ನೋಡಿದರೆ, ಕಾಕಾ ಕೇಳಿದ್ದೇ ವೆಲ್ಲೆಸ್ಲಿಯ ತಲೆಯಲ್ಲೂ ತುಂಬಿತ್ತು! ಕೋಟೆ ಹಿಡಿದದ್ದು ನಾಲ್ಕು ಸಾಲು. ಅಕ್ಕಿ, ಎತ್ತು, ದೋಣಿ, ಹೊಳೆಯ ಬಗ್ಗೆ ಪುಟಗಟ್ಟಲೆ. ಅಕ್ಕಿ ಹೊರುತ್ತಿದ್ದವರು 'ಬ್ರಿಂಜಾರಿ'ಗಳು, ಅಂದರೆ ಬಣಜಾರರು, ನಮ್ಮ ಲಂಬಾಣಿಗರು. ಸಾವಿರಾರು ಹೇರೆತ್ತುಗಳ ಮೇಲೆ ಕಾಳು ಹೊತ್ತು ದಂಡಿನ ಹಿಂದೆ ನಡೆಯುವುದು ಅವರ ವ್ಯಾಪಾರ. ಯುದ್ಧದಲ್ಲಿ ಅವರದು ಯಾವ ಪಕ್ಷವೂ ಅಲ್ಲ. ದುಡ್ಡು ಕೊಟ್ಟವರಿಗೆ ಮಾಲು. ಧೋಂಡಿಯಾನ ದಂಡಿಗೂ ಹೀಗೆ ಕಾಳು ಹೊರುವವರು ಇದ್ದರು. ಹಾಗಾಗಿ ಶತ್ರುವಿನ ಬಣಜಾರರನ್ನು ತನ್ನ ಕಡೆ ಎಳೆದುಕೊಳ್ಳುವುದು ಒಂದು ಕೋಟೆ ಹಿಡಿದಷ್ಟೇ ದೊಡ್ಡ ಗೆಲುವು. ಹಾವೇರಿ ಜಿಲ್ಲೆಯ ತಾಂಡಾಗಳ ಪಕ್ಕದಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೆ, ಅವರ ಹಿರಿಯರ ಎತ್ತಿನ ಮೇಲೆ ಇಂಥ ಯುದ್ಧಗಳು ನಡೆದಿದ್ದವು ಅಂತ ಹೊಳೆದಿರಲಿಲ್ಲ. ಹೈದರ್, ಟಿಪ್ಪು ಸಾಕಿ ಬೆಳೆಸಿದ ಅಮೃತಮಹಲ್ ಎತ್ತುಗಳನ್ನು ವೆಲ್ಲೆಸ್ಲಿ ಮುಂದೆ ಸ್ಪೇನಿನ ಯುದ್ಧದಲ್ಲೂ ನೆನೆಸಿಕೊಂಡು ಹಲುಬಿದ ಅನ್ನುತ್ತಾರೆ.

ಇನ್ನು ಮಳೆಗಾಲ. ನಾವೆಲ್ಲ ತಿಳಿದಿರುವುದು ಮಳೆಗಾಲದಲ್ಲಿ ಯುದ್ಧ ಇಲ್ಲ, ದಸರಾ ಆದಮೇಲೆ ಸೀಮೋಲ್ಲಂಘನ ಅಂತ. ವೆಲ್ಲೆಸ್ಲಿ ಇದನ್ನೂ ತಲೆಕೆಳಗು ಮಾಡಿದ. ಅದೇ ವರ್ಷದ ಕೊನೆಯಲ್ಲಿ ಮರಾಠರ ಸೀಮೆಯಲ್ಲಿ ಯುದ್ಧ ಮಾಡುವುದು ಹೇಗೆ ಅಂತ ಒಂದು ಟಿಪ್ಪಣಿ ಬರೆದ. ಅದರ ಸಾರ ಇಷ್ಟು: ಹಗುರ ಕುದುರೆಯ ಶತ್ರುವನ್ನು ಬೇಸಿಗೆಯಲ್ಲಿ ಅಟ್ಟಿಸಿಕೊಂಡು ಹೋದರೆ ಸಿಗುವುದಿಲ್ಲ. ಹೊಳೆಗಳು ತುಂಬಿದಾಗ ಅವನು ಎಲ್ಲಿ ಬೇಕೆಂದರಲ್ಲಿ ದಾಟಲಾರ. ನನ್ನ ಹತ್ತಿರ ದೋಣಿ ಇದ್ದರೆ ಹೊಳೆ ನನ್ನ ಗೋಡೆ, ಅವನಿಗೆ ಬಲೆ. ದೋಣಿ ಅಂದರೆ ಏನೋ ದೊಡ್ಡದಲ್ಲ, ಬಿದಿರು ಹೆಣೆದು ಚರ್ಮ ಹೊದಿಸಿದ ನಮ್ಮ ಹರಿಗೋಲು!

ಹೀಗೆ ನೋಡಿದರೆ ಆ ಬೇಸಿಗೆ ಕಳೆದ ಮೇಲಿನ ಮೂರು ತಿಂಗಳು ನಡೆದದ್ದು ಒಂದು ದೊಡ್ಡ ಮುತ್ತಿಗೆಯೇ. ಗೋಡೆಗಳು ತುಂಗಭದ್ರೆ, ವರದಾ, ಮಲಪ್ರಭಾ, ಕೃಷ್ಣಾ. ಒಳಗೆ ಸಿಕ್ಕಿಕೊಂಡವನು ಧೋಂಡಿಯಾ. ಆದರೆ ಅವನು ಸುಲಭಕ್ಕೆ ಸಿಗಲಿಲ್ಲ. ರಾಣೇಬೆನ್ನೂರು ಬಿದ್ದ ಮೂರೇ ದಿನಕ್ಕೆ, ಜೂನ್ 30ರಂದು, ಕಿತ್ತೂರಿನ ಹತ್ತಿರ ಗೋಖಲೆಯ ದಂಡಿನ ಮೇಲೆ ಎರಗಿ ಅವನನ್ನು ಕೊಂದ. ಮೀಸೆಯ ಶಪಥ ತೀರಿತು. ವೆಲ್ಲೆಸ್ಲಿ ಹಾವೇರಿ ಸೀಮೆಯ ದೇವಗಿರಿ ಕಡೆಯಿಂದ ವರದಾ ದಾಟಿ ಜುಲೈ ಎರಡನೇ ವಾರ ಸವಣೂರಿಗೆ ಬಂದ. ಅಲ್ಲಿಂದ ಕುಂದಗೋಳ, ಡಂಬಳ. ಜುಲೈ 30ರಂದು ಮಲಪ್ರಭಾ ದಡದ ಮುನವಳ್ಳಿ ಹತ್ತಿರ, ಹೊಳೆ ದಾಟುತ್ತಿದ್ದ ಧೋಂಡಿಯಾನ ಬಿಡಾರದ ಮೇಲೆ ಬಿದ್ದ. ಸಾವಿರಾರು ಜನ ಸತ್ತರು; ಹೆದರಿ ತುಂಬಿದ ಹೊಳೆಗೆ ಹಾರಿ ಕೊಚ್ಚಿಹೋದವರೇ ಬಹಳ. ದಂಡಿನ ಬಿಡಾರ ಅಂದರೆ ಸಿಪಾಯಿಗಳಷ್ಟೇ ಅಲ್ಲ, ಹೆಂಗಸರು ಮಕ್ಕಳೂ ಇರುತ್ತಿದ್ದರು. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ ಹತ್ತಿರ ವೆಲ್ಲೆಸ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನುಗ್ಗಿದ. ಧೋಂಡಿಯಾ ಸತ್ತ. ಹೆಣವನ್ನು ತೋಪಿನ ಗಾಡಿಗೆ ಕಟ್ಟಿ ತಂದರು. ಸಾಮಾನಿನ ನಡುವೆ ಅವನ ನಾಲ್ಕು ವರ್ಷದ ಮಗ ಸಲಾಬತ್ ಖಾನ್ ಸಿಕ್ಕ. ಆ ಹುಡುಗನನ್ನು ವೆಲ್ಲೆಸ್ಲಿ ತನ್ನ ಡೇರೆಗೆ ಕರೆತಂದು ಸಾಕಿಸಿದ, ಭಾರತ ಬಿಡುವಾಗ ಅವನ ಖರ್ಚಿಗೆ ದುಡ್ಡು ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ದೊರೆಯ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ. ಈ ಕಥೆಯನ್ನು ವೆಲಿಂಗ್ಟನ್ನನ ಜೀವನ ಚರಿತ್ರೆಗಳು ತುಂಬಾ ಪ್ರೀತಿಯಿಂದ ಹೇಳುತ್ತವೆ. ಹೇಳಲಿ, ಅದೂ ನಿಜವೇ.

ಮುಂದಿನ ಸಲ ಊರಿಗೆ ಹೋದಾಗ ಅಕ್ಕಿ, ಲಂಬಾಣಿ, ಹರಿಗೋಲು ಎಲ್ಲ ಕಾಕಾನಿಗೆ ಒಪ್ಪಿಸಿದೆ. ತಲೆ ಆಡಿಸಿದರು. ಆದರೆ ಆಮೇಲೆ ಕೇಳಿದ್ದು ಮೊದಲಿನದಕ್ಕಿಂತ ಕಠಿಣ.

"ಅದ್ಸರಿ. ರಾಣೇಬೆನ್ನೂರ ಕ್ವಾಟಿ ಒಳಗಿದ್ದ ಮಂದಿ ಯಾರವರು? ಧೋಂಡ್ಯಾನ ಮಂದಿಯೋ, ಊರಾನವರೋ?"

ಪತ್ರದಲ್ಲಿ ಅವರಿಗೆ ಇರುವುದು ಒಂದೇ ಹೆಸರು: 'ಗ್ಯಾರಿಸನ್'. ನಮ್ಮ ಕಡೆಯ ಇಂಥ ಕೋಟೆಗಳನ್ನು ಕಾಯುತ್ತಿದ್ದವರು ಹೊರಗಿನ ಸಿಪಾಯಿಗಳಷ್ಟೇ ಅಲ್ಲ. ಸಂಬಳದ ಬದಲು ಹೊಲ ಪಡೆದು, ಕರೆ ಬಂದಾಗ ಕೋವಿ ಹಿಡಿಯುವ ಶೇತಸನದಿಗಳೆಂಬ ರೈತಾಪಿ ಕಾವಲುಗಾರರು ಧಾರವಾಡ ಸೀಮೆಯಲ್ಲೆಲ್ಲ ಇದ್ದರು. ಕೋಟೆ ಯಾರ ಕೈಗೆ ಹೋದರೂ ಹೊಲ ಉಳಿಯಬೇಕಾದರೆ ಗೋಡೆ ಮೇಲೆ ನಿಲ್ಲಲೇಬೇಕು. ಮೊದಲು ಪಟವರ್ಧನರಿಗೆ, ಆಮೇಲೆ ಧೋಂಡಿಯಾನಿಗೆ. ಜೂನ್ ಕೊನೆ ಅಂದರೆ ನಮ್ಮಲ್ಲಿ ಬಿತ್ತನೆಯ ಹೊತ್ತು. ಅವತ್ತು ಮೊದಲ ಗುಂಡು ಹಾರಿಸಿದವನು ಹಿಂದಿನ ವಾರ ಕೂರಿಗೆ ಹಿಡಿದವನೇ ಆಗಿದ್ದರೆ? ಕಾಕಾನಿಗೆ ಇಷ್ಟು ಹೇಳಿದೆ. "ಹೂಂ" ಅಂದು ಗಿರಾಕಿ ಕಡೆ ತಿರುಗಿದರು.

ಮಜಾ ಅಂದರೆ, ಅಷ್ಟು ಅವಸರದಲ್ಲಿ ಹಿಡಿದ ಕೋಟೆಯನ್ನು ಇಂಗ್ಲಿಷರು ಇಟ್ಟುಕೊಳ್ಳಲಿಲ್ಲ. ಪರಶುರಾಮ ಭಾವೂನ ಮಗ ಅಪ್ಪಾಸಾಹೇಬನಿಗೆ ಒಪ್ಪಿಸಿ ಮುಂದೆ ನಡೆದರು. ಈ ಸೀಮೆ ಪೂರ್ತಿ ಅವರದಾದದ್ದು 1817-18ರಲ್ಲಿ, ಪೇಶ್ವೆ ಮೇಲಿನ ಕೊನೆಯ ಯುದ್ಧದಲ್ಲಿ. ಆಗ ಬಂದವನು ಥಾಮಸ್ ಮನ್ರೋ. ಬಾದಾಮಿ, ಬೆಳಗಾವಿಯಂಥ ದೊಡ್ಡ ಕೋಟೆಗೆ ಅವನೂ ತೋಪು ಹಚ್ಚಿದ. ಆದರೆ ಬಯಲು ಸೀಮೆಯ ಹಳ್ಳಿಗಳಿಗೆ ಅವನು ಕಳಿಸಿದ್ದು ಸ್ಥಳೀಯ ಅಮಲ್ದಾರರನ್ನು, ಇಲ್ಲೇ ಸೇರಿಸಿಕೊಂಡ ಜವಾನರ ಜೊತೆ. ಅವರ ಕೆಲಸ ಊರೂರಿಗೆ ಹೋಗಿ ಈ ವರ್ಷದ ಕಂದಾಯ ಕಂಪನಿಗೆ ಕಟ್ಟಿ ಅನ್ನುವುದು. ಪೇಶ್ವೆಯ ಆಳ್ವಿಕೆಯಿಂದ ಬೇಸತ್ತ ಗೌಡ ಕುಲಕರ್ಣಿಗಳು ಕಟ್ಟಿದರು. ಏಣಿ ಬೇಕಾಗಲಿಲ್ಲ.

ಮೊನ್ನೆ ವಾಪಸ್ ಬರುವಾಗ ರಾತ್ರಿ ಗಾಡಿ ರಾಣೇಬೆನ್ನೂರಿನಲ್ಲಿ ನಿಂತಿತು. ಮಳೆ ಹನಿಯುತ್ತಿತ್ತು. ಬೀಜದ ಚೀಲ ಹೊತ್ತ ಇಬ್ಬರು ನಮ್ಮ ಬೋಗಿಗೆ ಹತ್ತಿ, ಬಾಗಿಲ ಹತ್ತಿರವೇ ಚೀಲ ಇಟ್ಟು ಅದರ ಮೇಲೆ ಕೂತರು. ಟಿಸಿ ಬಂದು ಗೊಣಗಿದ. "ಹರಿಹರಕ್ಕ ಇಳೀತೀವ್ರೀ ಸಾಹೇಬ್ರ" ಅಂದರು. ಸೇತುವೆ ಬರುವ ತನಕ ನಾನೂ ಎದ್ದೇ ಕೂತಿದ್ದೆ.